ಅರವತ್ತಕ್ಕೆ ಅರಳುಮರಳು ಆಗಲೇಬೇಕೆ?

ಅರವತ್ತಕ್ಕೆ ಅರಳುಮರಳು ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಮನೆಯ ಹಿರಿಯರು ಹಣೆಯ ಮೇಲಿರುವ ಕನ್ನಡಕವನ್ನೇ ಮನೆತುಂಬ ಹುಡುಕಿದರೆ, ಮೊಮ್ಮಗನನ್ನು ಮಗನ ಹೆಸರಿನಿಂದ ಕೂಗಿದರೆ, ಹೇಳಿದ ಸಂಗತಿಯನ್ನೇ ಮತ್ತೊಮ್ಮೆ ಹೇಳಿದರೆ, ಮನೆಮಂದಿ ನಕ್ಕು ಈ ಗಾದೆ ಹೇಳಿ ಸುಮ್ಮನಾಗುತ್ತಾರೆ. ವಯಸ್ಸಾದಂತೆ ಮೆದುಳು ಸವೆಯುತ್ತದೆ, ಸವೆದದ್ದು ಮತ್ತೆ ತುಂಬುವುದಿಲ್ಲ ಎಂದು ವೈದ್ಯರೂ ಬಹುಕಾಲ ನಂಬಿದ್ದರು. ಕಳೆದ ಇಪ್ಪತ್ತೈದು-ಮೂವತ್ತು ವರ್ಷಗಳಲ್ಲಿ ಆ ನಂಬಿಕೆ ಸಡಿಲಗೊಂಡಿದೆ. ಅದಕ್ಕೆ ಕಾರಣವಾದ ಸಂಗತಿಗಳಲ್ಲಿ ಒಂದು ತೀರ ಸಾದಾ ಆದದ್ದು, ಕಾಸು ಖರ್ಚಿಲ್ಲದ್ದು. ಅದೇ ಚುರುಕು ನಡಿಗೆ.

ಈ ವಿಷಯ ನಮ್ಮ ಮನೆಗಳಿಗೆ ಬಹಳ ಹತ್ತಿರದ್ದು. ಏಕೆಂದರೆ ಹಿರಿಯರಿಗೆ ಮರ್ಯಾದೆ ಕೊಡುವುದೆಂದರೆ ಅವರನ್ನು ಕೂರಿಸುವುದು ಎಂದೇ ನಾವು ತಿಳಿದಿದ್ದೇವೆ. “ಅಜ್ಜಾರ, ನೀವು ಕುಂದರ್ರಿ, ನಾ ತರತೀನಿ” ಎಂದು ಮೊಮ್ಮಗ ಕಿರಾಣಿ ಅಂಗಡಿಗೆ ಓಡುತ್ತಾನೆ. ಬಸದಿ ಎರಡು ಓಣಿ ಆಚೆ ಇದ್ದರೂ ಮಗ ಮೋಟಾರ್ ಸೈಕಲ್ ಮೇಲೆ ಬಿಟ್ಟುಬರುತ್ತಾನೆ. ಸೊಸೆ ಅತ್ತೆಯ ಕೈಯಿಂದ ಕೊಡ ಇಸಿದುಕೊಳ್ಳುತ್ತಾಳೆ. ಇದರಲ್ಲಿ ಪ್ರೀತಿಯಿದೆ, ಸಂಶಯವಿಲ್ಲ. ಆದರೆ ನಾಲ್ಕೈದು ವರ್ಷಗಳಲ್ಲಿ ಆ ಹಿರಿಯರು ಕಟ್ಟೆಯಿಂದ ಹಾಸಿಗೆಗೆ, ಹಾಸಿಗೆಯಿಂದ ಟಿ.ವಿ. ಮುಂದೆ ಎಂಬಷ್ಟಕ್ಕೆ ಬಂದು ನಿಲ್ಲುತ್ತಾರೆ. ಕಾಲಿನ ಶಕ್ತಿ ಹೋದದ್ದು ಎಲ್ಲರಿಗೂ ಕಾಣುತ್ತದೆ. ಅದರ ಜೊತೆಗೆ ತಲೆಯೊಳಗೆ ಏನು ನಡೆಯಿತು ಎಂಬುದನ್ನು ಯಾರೂ ಯೋಚಿಸುವುದಿಲ್ಲ.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ ಡಿಮೆನ್ಷಿಯಾ, ಅಂದರೆ ನಿತ್ಯದ ಬದುಕನ್ನೇ ಕೆಡಿಸುವ ಮರೆವಿನ ಕಾಯಿಲೆ, ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿತು. ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಈ ಪ್ರಮಾಣ ಹೆಚ್ಚು. ಆದ್ದರಿಂದ ಇದು ದೊಡ್ಡ ಊರಿನವರ ಕಾಯಿಲೆಯೆಂದು ಅಕ್ಕಲಕೋಟೆಯ, ಜತ್ತದ ಹಳ್ಳಿಗಳಲ್ಲಿರುವ ನಮ್ಮ ಬಂಧುಗಳು ನಿಶ್ಚಿಂತರಾಗಿರುವಂತಿಲ್ಲ.

ಏರೋಬಿಕ್ ವ್ಯಾಯಾಮ ಎಂಬ ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಹಾಡು ಹಚ್ಚಿ ಕುಣಿಯುವುದಷ್ಟೇ ಅದಲ್ಲ. ಅಮೆರಿಕದ ವಾಯುಸೇನೆಯ ವೈದ್ಯರಾಗಿದ್ದ ಕೆನೆತ್ ಕೂಪರ್ 1968ರಲ್ಲಿ ಬರೆದ ಪುಸ್ತಕದಿಂದ ಈ ಮಾತು ಜನರ ಬಾಯಿಗೆ ಬಂತು. ದೊಡ್ಡ ಸ್ನಾಯುಗಳು ಹೆಚ್ಚು ಹೊತ್ತು ಒಂದೇ ಸಮನೆ ದುಡಿಯುತ್ತ, ಅದಕ್ಕೆ ಬೇಕಾದ ಪ್ರಾಣವಾಯುವನ್ನು ಒದಗಿಸಲು ಉಸಿರೂ ಎದೆಬಡಿತವೂ ಏರುವ ಯಾವುದೇ ಕೆಲಸ ಏರೋಬಿಕ್ಕೇ. ಚುರುಕಾಗಿ ನಡೆಯುವುದು, ಸೈಕಲ್ ತುಳಿಯುವುದು, ಈಜುವುದು ಇವೆಲ್ಲ ಅದರಲ್ಲಿ ಬರುತ್ತವೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಕ್ರೇಮರ್ ಮತ್ತು ಸಂಗಡಿಗರು 60ರಿಂದ 75 ವಯಸ್ಸಿನ 124 ಜನರನ್ನು ಆರಿಸಿಕೊಂಡರು. ಎಲ್ಲರೂ ಕುಳಿತೇ ಕಾಲ ಕಳೆಯುತ್ತಿದ್ದವರು. ಅರ್ಧ ಜನರಿಗೆ ನಡಿಗೆ, ಉಳಿದರ್ಧ ಜನರಿಗೆ ಮೈ ಎಳೆದು ಸಡಿಲಿಸುವ ವ್ಯಾಯಾಮ. ಆರು ತಿಂಗಳ ಮೇಲೆ ನೋಡಿದಾಗ, ಒಂದು ಕೆಲಸದಿಂದ ಇನ್ನೊಂದಕ್ಕೆ ಗಮನ ಹೊರಳಿಸುವುದು, ಬೇಡದ್ದನ್ನು ಬದಿಗೆ ಸರಿಸುವುದು ಇಂಥ ಪರೀಕ್ಷೆಗಳಲ್ಲಿ ನಡೆದವರು ಮುಂದಿದ್ದರು. ಇದು 1999ರಲ್ಲಿ ಪ್ರಕಟವಾಯಿತು. ಅಂಗಡಿಯಲ್ಲಿ ಒಬ್ಬರಿಗೆ ಲೆಕ್ಕ ಹೇಳುತ್ತ ಇನ್ನೊಬ್ಬರಿಗೆ ಚಿಲ್ಲರೆ ಎಣಿಸಿ ಕೊಡುವಾಗ ನಮಗೆ ಬೇಕಾಗುವುದು ಇದೇ ಬುದ್ಧಿ.

ಇನ್ನೂ ಹೆಚ್ಚು ಹೆಸರಾದದ್ದು 2011ರ ಪ್ರಯೋಗ. ಅದನ್ನು ಕರ್ಕ್ ಎರಿಕ್ಸನ್, ಕ್ರೇಮರ್ ಮೊದಲಾದವರು ನಡೆಸಿದರು. ನಮ್ಮ ಮೆದುಳಿನ ಎರಡೂ ಪಕ್ಕಗಳಲ್ಲಿ, ಕಿವಿಯ ನೇರಕ್ಕೆ ಒಳಗಡೆ, ಹಿಪ್ಪೊಕ್ಯಾಂಪಸ್ ಎಂಬ ಚಿಕ್ಕ ಭಾಗವಿದೆ. ಆಕಾರ ಕಡಲಕುದುರೆಯಂತೆ, ಹೆಸರೂ ಅದರದೇ. ಬೆಳಿಗ್ಗೆ ಯಾರು ಬಂದಿದ್ದರು, ಕೀಲಿ ಎಲ್ಲಿಟ್ಟೆ, ಯಾವ ಓಣಿಯಲ್ಲಿ ತಿರುಗಬೇಕು ಎಂಬ ಹೊಸ ನೆನಪುಗಳು ಗಟ್ಟಿಯಾಗಲು ಈ ಭಾಗ ಬೇಕು. ಇಳಿವಯಸ್ಸಿನಲ್ಲಿ ಇದು ವರ್ಷಕ್ಕೆ ಶೇಕಡಾ ಒಂದೆರಡರಂತೆ ಕುಗ್ಗುತ್ತದೆ. ಅಲ್ಝೈಮರ್ ಕಾಯಿಲೆ ಬೇಗನೆ ಕೈಹಾಕುವ ಜಾಗಗಳಲ್ಲಿ ಇದೂ ಒಂದು. 55ರಿಂದ 80 ವಯಸ್ಸಿನ 120 ಜನರಲ್ಲಿ ಅರ್ಧ ಜನ ವಾರಕ್ಕೆ ಮೂರು ದಿನ ನಡೆದರು. ಮೊದಲ ವಾರ ಹತ್ತೇ ನಿಮಿಷ, ಬರುಬರುತ್ತ ನಲವತ್ತು ನಿಮಿಷ. ಉಳಿದವರು ಸ್ನಾಯು ಸಡಿಲಿಸುವ ವ್ಯಾಯಾಮ ಮಾಡಿದರು. ವರ್ಷದ ಕೊನೆಗೆ ಎಮ್.ಆರ್.ಐ. ಚಿತ್ರದಲ್ಲಿ ಅಳೆದಾಗ ನಡೆದವರ ಹಿಪ್ಪೊಕ್ಯಾಂಪಸ್ ಸುಮಾರು ಶೇಕಡಾ 2ರಷ್ಟು ದೊಡ್ಡದಾಗಿತ್ತು, ಉಳಿದವರದು ಸುಮಾರು 1.4ರಷ್ಟು ಕುಗ್ಗಿತ್ತು. ಒಂದೆರಡು ವರ್ಷದ ಸವೆತ ಹಿಂದಕ್ಕೆ ಸರಿದಂತಾಯಿತು.

ಈ ಸುದ್ದಿ ಓದಿದವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನೆನಪಿನ ಪರೀಕ್ಷೆಯಲ್ಲಿ ಎರಡೂ ಗುಂಪಿನವರು ಸುಧಾರಿಸಿದ್ದರು, ಗುಂಪು ಗುಂಪಿಗೆ ಹೆಚ್ಚಿನ ಅಂತರ ಬರಲಿಲ್ಲ ಎಂಬುದನ್ನೂ ಹೇಳಬೇಕು. ನಡೆದವರಲ್ಲಿ ಯಾರ ಹಿಪ್ಪೊಕ್ಯಾಂಪಸ್ ಹೆಚ್ಚು ಬೆಳೆದಿತ್ತೋ ಅವರ ನೆನಪು ಹೆಚ್ಚು ಸುಧಾರಿಸಿತ್ತು, ಅಷ್ಟೇ.

ನಡಿಗೆ ಕಾಲಿನದು, ಲಾಭ ತಲೆಗೆ ಹೇಗೆ? ಮೆದುಳಿನ ತೂಕ ಮೈಯ ತೂಕದ ಶೇಕಡಾ 2ರಷ್ಟು ಮಾತ್ರ. ಆದರೆ ನಾವು ಉಸಿರಾಡಿದ ಪ್ರಾಣವಾಯುವಿನಲ್ಲಿ ಸುಮಾರು ಶೇಕಡಾ 20ರಷ್ಟನ್ನು ಅದೇ ಬಳಸಿಕೊಳ್ಳುತ್ತದೆ. ಅದನ್ನು ಮುಟ್ಟಿಸುವವು ಕೂದಲಿಗಿಂತ ಸಪೂರವಾದ ರಕ್ತನಾಳಗಳು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಮೊದಲು ಕೆಡಿಸುವುದು ಇಂಥ ನಾಳಗಳನ್ನೇ. ನಡಿಗೆ ಒತ್ತಡವನ್ನೂ ಸಕ್ಕರೆಯನ್ನೂ ಇಳಿಸುತ್ತದೆ, ನಾಳಗಳನ್ನು ಮೆತ್ತಗೆ ಇಡುತ್ತದೆ. ಇದಲ್ಲದೆ ಬಿ.ಡಿ.ಎನ್.ಎಫ್. ಎಂಬ ಪ್ರೋಟೀನು ವ್ಯಾಯಾಮದಿಂದ ಹೆಚ್ಚುತ್ತದೆ. ಮೆದುಳಿನ ಕೋಶಗಳಿಗೆ ಇದು ಗೊಬ್ಬರವಿದ್ದಂತೆ. ಕೋಶ ಬದುಕಲು, ಪಕ್ಕದ ಕೋಶದೊಡನೆ ಕೊಂಡಿ ಬೆಳೆಸಲು ಬೇಕಾದದ್ದು. ಚಕ್ರದಲ್ಲಿ ಓಡಿದ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳು ಹೆಚ್ಚಾದದ್ದನ್ನು 1999ರಲ್ಲಿ ಕಂಡಿದ್ದಾರೆ. ಮುದಿ ಮನುಷ್ಯರಲ್ಲಿಯೂ ಹಾಗೆ ಹುಟ್ಟುತ್ತವೆಯೇ ಎಂಬುದರ ಬಗ್ಗೆ 2018ರಿಂದ ವಿಜ್ಞಾನಿಗಳಲ್ಲಿಯೇ ಜಟಾಪಟಿ ನಡೆದಿದೆ.

ಇನ್ನು ನಾಣ್ಯದ ಇನ್ನೊಂದು ಮುಖ. ಅಮೆರಿಕದಲ್ಲಿಯೇ 70ರಿಂದ 89 ವಯಸ್ಸಿನ 1,635 ಜನರನ್ನು ಎರಡು ವರ್ಷ ನೋಡಿದ ದೊಡ್ಡ ಪ್ರಯೋಗದ ಫಲ 2015ರಲ್ಲಿ ಬಂತು. ನಡಿಗೆ ಮತ್ತಿತರ ವ್ಯಾಯಾಮ ಮಾಡಿದವರಿಗೂ ಬರೀ ಆರೋಗ್ಯದ ಪಾಠ ಕೇಳಿದವರಿಗೂ ಬುದ್ಧಿಯ ಪರೀಕ್ಷೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಂಬತ್ತು ದಾಟಿದವರಲ್ಲಿ, ಮೊದಲೇ ಕಾಲಲ್ಲಿ ಶಕ್ತಿ ಕಡಿಮೆಯಿದ್ದವರಲ್ಲಿ ಮಾತ್ರ ಸ್ವಲ್ಪ ಲಾಭವಿತ್ತು. ಇಂಗ್ಲೆಂಡಿನಲ್ಲಿ ಡಿಮೆನ್ಷಿಯಾ ಈಗಾಗಲೇ ಬಂದಿದ್ದ 494 ಜನರ ಮೇಲೆ ನಡೆದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಅಲ್ಲಿ ಜೋರಾದ ವ್ಯಾಯಾಮದಿಂದ ಮೈಕಟ್ಟು ಸುಧಾರಿಸಿತೇ ಹೊರತು ಮರೆವು ನಿಧಾನವಾಗಲಿಲ್ಲ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ, ಡಿಮೆನ್ಷಿಯಾದಲ್ಲಿ ಸುಮಾರು ಶೇಕಡಾ 45ರಷ್ಟು 14 ಕಾರಣಗಳಿಗೆ ಸೇರಿದ್ದು, ಅವನ್ನು ನಿವಾರಿಸಿದರೆ ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಅದರಲ್ಲಿ ವ್ಯಾಯಾಮವಿಲ್ಲದಿರುವುದರ ಪಾಲು ಶೇಕಡಾ 2 ಮಾತ್ರ. ಕಿವಿ ಕೇಳಿಸದಿರುವುದರ ಪಾಲು 7, ಒಂಟಿತನದ್ದು 5. ಹಾಗಿದ್ದರೆ ನಡೆದೇನು ಫಲ ಎಂದು ಕೇಳಬಹುದು. ಅದೇ ಪಟ್ಟಿಯಲ್ಲಿ ರಕ್ತದೊತ್ತಡ, ಮಧುಮೇಹ, ಬೊಜ್ಜು, ಕೊಬ್ಬು, ಖಿನ್ನತೆ ಇವೂ ಇವೆ. ನಡಿಗೆ ಇವೆಲ್ಲವನ್ನೂ ಸ್ವಲ್ಪಸ್ವಲ್ಪ ಹಿಡಿದಿಡುತ್ತದೆ. ನಾಲ್ಕು ಜನ ಕೂಡಿ ನಡೆದರೆ ಒಂಟಿತನವೂ ಕಳೆಯುತ್ತದೆ. ಕಿವಿಯ ಮಶೀನು ಹಾಕಿಕೊಳ್ಳಲು ನಾಚುವವರು ಮಾತ್ರ ಆ 7ನ್ನು ಇನ್ನೊಮ್ಮೆ ಓದಿಕೊಳ್ಳಲಿ.

“ನಾನು ದಿನವಿಡೀ ಮನೆಯಲ್ಲಿ ಓಡಾಡತೀನಿ, ನನಗ್ಯಾಕ ವಾಕಿಂಗ್?” ಎಂದು ನಮ್ಮ ತಾಯಂದಿರು ಅನ್ನುವುದುಂಟು. ಅಡಿಗೆಮನೆಯಿಂದ ಅಂಗಳಕ್ಕೆ ಹತ್ತು ಹೆಜ್ಜೆ, ನಿಂತು, ಮತ್ತೆ ಹತ್ತು ಹೆಜ್ಜೆ. ಕುಳಿತಿರುವುದಕ್ಕಿಂತ ಅದು ಎಷ್ಟೋ ಮೇಲು, ಆದರೆ ಉಸಿರು ಏರುವುದಿಲ್ಲ. ಬಸದಿಯ ಪ್ರದಕ್ಷಿಣೆಯೂ ನಿಧಾನದ್ದೇ. ಅದರ ಉದ್ದೇಶ ಬೇರೆ, ಅದನ್ನು ಅವಸರದಿಂದ ಮಾಡಬೇಕೆಂದು ನಾವು ಹೇಳುವುದಿಲ್ಲ. ಆಸನ-ಪ್ರಾಣಾಯಾಮಗಳಿಂದ ಮೈ ಬಾಗುತ್ತದೆ, ತೋಲ ತಪ್ಪಿ ಬೀಳುವುದು ತಪ್ಪುತ್ತದೆ. ಅವೂ ಇರಲಿ, ನಡಿಗೆಯೂ ಇರಲಿ.

ಎಷ್ಟು ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನವೆಂದರೆ ಸಾಕು. ಎಷ್ಟು ಚುರುಕು ಎಂಬುದಕ್ಕೆ ಯಂತ್ರ ಬೇಡ. ನಡೆಯುತ್ತ ಜೊತೆಗಾರರೊಡನೆ ಮಾತಾಡಲು ಬರಬೇಕು, ಭಜನೆ ಹಾಡಲು ಬರಬಾರದು. ಸಲೀಸಾಗಿ ಹಾಡಬಲ್ಲಿರಾದರೆ ಹೆಜ್ಜೆ ನಿಧಾನವಾಯಿತು, ಮಾತೇ ನಿಂತಿತಾದರೆ ಅತಿಯಾಯಿತು. ಬಿ.ಪಿ.ಯ ಕೆಲವು ಗುಳಿಗೆಗಳು ಎದೆಬಡಿತವನ್ನು ಏರಗೊಡುವುದಿಲ್ಲವಾದ್ದರಿಂದ ನಾಡಿ ಎಣಿಸುವುದಕ್ಕಿಂತ ಈ ಪರೀಕ್ಷೆಯೇ ಒಳ್ಳೆಯದು. ಹತ್ತು ನಿಮಿಷದಿಂದ ಆರಂಭಿಸಿ ವಾರವಾರಕ್ಕೆ ಏರಿಸಬೇಕು. ಎದೆನೋವು, ತಲೆಸುತ್ತು ಇರುವವರು, ಹೃದಯದ ಚಿಕಿತ್ಸೆಯಾದವರು ಮೊದಲು ವೈದ್ಯರನ್ನು ಕೇಳಲಿ. ಮೊಣಕಾಲು ನೋವಿದ್ದವರಿಗೆ ನಿಂತಲ್ಲೇ ತುಳಿಯುವ ಸೈಕಲ್ ಆಗುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ ಸೊಲ್ಲಾಪುರದ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಬೆಳಗಿನ ತಂಪೊತ್ತೇ ಸರಿ. ಚರ್ಮದ ಬೂಟು ಬೇಡವೆನ್ನುವವರಿಗೆ ಬಟ್ಟೆಯ, ರಬ್ಬರಿನ ಬೂಟುಗಳು ಎಲ್ಲೆಡೆ ಸಿಗುತ್ತವೆ. ಮಧುಮೇಹಿಗಳು ಬರಿಗಾಲಲ್ಲಿ ರಸ್ತೆಯ ಮೇಲೆ ನಡೆಯಬಾರದು, ಚುಚ್ಚಿದ್ದು ಗೊತ್ತಾಗದೆ ಹುಣ್ಣಾಗುತ್ತದೆ. ಅಷ್ಟಮಿ-ಚತುರ್ದಶಿಯ ಉಪವಾಸದಂದು, ದಶಲಕ್ಷಣದ ದಿನಗಳಲ್ಲಿ ನಿರಾಹಾರ ಇರುವವರು ಆ ದಿನಗಳಲ್ಲಿ ಚುರುಕು ನಡಿಗೆಯನ್ನು ಬಿಡಬೇಕು.

ರಾತ್ರಿಭೋಜನ ತ್ಯಾಗ ಮಾಡಿದವರಿಗೆ ಒಂದು ಅನುಕೂಲವಿದೆ, ಒಂದು ಅಪಾಯವೂ ಇದೆ. ಸಂಜೆ ಬೇಗ ಊಟ ಮುಗಿಯುವುದರಿಂದ ಮಲಗುವ ಮೊದಲು ನಡೆಯಲು ಸಮಯ ಸಿಗುತ್ತದೆ. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಗುಳಿಗೆ ತೆಗೆದುಕೊಳ್ಳುವವರು ಊಟದ ಮೇಲೆ ನಡೆದು, ಮತ್ತೆ ಬೆಳಗಿನವರೆಗೆ ಏನೂ ಮುಟ್ಟದಿದ್ದರೆ ರಾತ್ರಿ ಸಕ್ಕರೆ ತೀರ ಕುಸಿಯಬಹುದು. ಹಾಗೆ ಕುಸಿಯುವುದು ಮೆದುಳಿಗೇ ಪೆಟ್ಟು. ಇಂಥವರು ತಮ್ಮ ನಿಯಮವನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಿ ಮದ್ದಿನ ಪ್ರಮಾಣ, ವೇಳೆ ಗೊತ್ತುಮಾಡಿಕೊಳ್ಳಬೇಕು, ನಡಿಗೆಯನ್ನು ಬೆಳಗಿನ ನಾಷ್ಟಾದ ನಂತರ ಇಟ್ಟುಕೊಳ್ಳುವುದು ಮೇಲು.

ಇನ್ನೊಂದು ಮಾತು ನಮ್ಮಂಥ ಶಾಕಾಹಾರಿಗಳಿಗೆ ವಿಶೇಷವಾಗಿ ಬೇಕಾದದ್ದು. ಬಿ-12 ಜೀವಸತ್ವ ಹಾಲು-ಮೊಸರಿನಲ್ಲಿ ಸ್ವಲ್ಪ ಇದೆ, ಕಾಳು-ಕಾಯಿಪಲ್ಲೆಗಳಲ್ಲಿ ಇಲ್ಲ. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿಯೂ ಇಳಿಯುತ್ತದೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಅದನ್ನು ಇನ್ನಷ್ಟು ಇಳಿಸುತ್ತದೆ. ಇದರ ಕೊರತೆಯಿಂದಲೂ ಮರೆವು, ಕಾಲು ಜೋಮು, ನಡಿಗೆಯಲ್ಲಿ ತೂರಾಟ ಬರುತ್ತವೆ. ಅದನ್ನು ಅರಳುಮರಳೆಂದು ಬಿಟ್ಟುಬಿಟ್ಟರೆ ವಾಸಿಯಾಗುವ ಕಾಯಿಲೆ ಕೈತಪ್ಪಿದಂತೆ. ಥೈರಾಯ್ಡ್ ಕೊರತೆಯೂ ಹೀಗೆಯೇ. ಎರಡಕ್ಕೂ ಒಂದೊಂದು ರಕ್ತಪರೀಕ್ಷೆ ಸಾಕು. ಕ್ಯಾಪ್ಸೂಲಿನ ಕವಚದ ಬಗ್ಗೆ ಸಂಶಯವಿರುವವರು ಗುಳಿಗೆಯನ್ನೋ ಇಂಜೆಕ್ಷನ್ನನ್ನೋ ಕೇಳಿ ಪಡೆಯಬಹುದು.

ಮರೆವಿನ ಕಾಯಿಲೆ ಬಂದೇಬಿಟ್ಟ ಮನೆಗಳೂ ನಮ್ಮಲ್ಲಿವೆ. “ಅವ್ವನನ್ನು ಮೊದಲೇ ನಡೆಸಿದ್ದರೆ ಹೀಗಾಗುತ್ತಿರಲಿಲ್ಲವೇನೋ” ಎಂದು ಮಕ್ಕಳು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಮೇಲಿನ ಅಂಕಿಗಳನ್ನು ನೋಡಿದರೆ ಹಾಗೆ ಹಳಿದುಕೊಳ್ಳಲು ಕಾರಣವಿಲ್ಲ. ಜೀವಮಾನವೆಲ್ಲ ನಡೆದವರಿಗೂ ಅದು ಬರುತ್ತದೆ. ಅಂಥವರನ್ನೂ ಕೈಹಿಡಿದು ನಿಧಾನವಾಗಿ ನಡೆಸಬಹುದು, ಕಾಲಿನ ಶಕ್ತಿ ಉಳಿಯುತ್ತದೆ. ಒಬ್ಬರನ್ನೇ ಹೊರಗೆ ಬಿಡಬಾರದು. ಜೊತೆಗೆ ಯಾರಾದರೂ ಇದ್ದರೂ, ಅವರ ಅಂಗಿಯ ಕಿಸೆಯಲ್ಲಿ ಅಥವಾ ಸೀರೆಯ ಸೆರಗಿಗೆ ಮನೆಯ ಫೋನ್ ನಂಬರು ಬರೆದ ಚೀಟಿ ಹಾಕಿರಬೇಕು. ನಮ್ಮ ಭಾಗದಲ್ಲಿ ಆ ಚೀಟಿಯನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆಯುವುದು ಒಳ್ಳೆಯದು.