ಪಾದೂರು ಭೂಗತ ಕಚ್ಚಾತೈಲ ಸಂಗ್ರಹಾಗಾರ

ಪಾದೂರು ಭೂಗತ ಕಚ್ಚಾತೈಲ ಸಂಗ್ರಹಾಗಾರವು ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಪಾದೂರಿನಲ್ಲಿ ಬಂಡೆಯನ್ನು ಕೊರೆದು ನಿರ್ಮಿಸಲಾದ ತೈಲ ದಾಸ್ತಾನು ಕೇಂದ್ರವಾಗಿದೆ. ಯುದ್ಧ ಮೊದಲಾದ ಕಾರಣಗಳಿಂದ ಆಮದಿಗೆ ಅಡ್ಡಿಯಾದಾಗ ಬಳಸಲೆಂದು ದೇಶವು ಕಾಯ್ದಿರಿಸಿದ ತೈಲವನ್ನು ಇಲ್ಲಿ ಇರಿಸಲಾಗುತ್ತದೆ. ಇದರ ಸಾಮರ್ಥ್ಯ 25 ಲಕ್ಷ ಟನ್. ಇದನ್ನು ಇಂಡಿಯನ್ ಸ್ಟ್ರಾಟೆಜಿಕ್ ಪೆಟ್ರೋಲಿಯಂ ರಿಸರ್ವ್ಸ್ ಲಿಮಿಟೆಡ್ ಎಂಬ ಸರ್ಕಾರಿ ಸಂಸ್ಥೆಯು ನಿರ್ವಹಿಸುತ್ತದೆ.

ಭೂವೈಜ್ಞಾನಿಕ ಹಿನ್ನೆಲೆ

ಪಾದೂರಿನ ನೆಲದಲ್ಲಿ ತೈಲ ಹುಟ್ಟುವುದಿಲ್ಲ. ತೈಲವು ಉಂಟಾಗಲು ಜೀವಿಗಳ ಅವಶೇಷಗಳು ಕೆಸರು, ಮರಳುಗಳೊಂದಿಗೆ ಪದರಪದರವಾಗಿ ಹೂತು, ಕೋಟ್ಯಂತರ ವರ್ಷ ಶಾಖಕ್ಕೆ ಒಳಗಾಗಬೇಕು. ಪರ್ವತಶ್ರೇಣಿಯ ಭಾರಕ್ಕೆ ಅದರ ಮುಂದಿನ ನೆಲ ಬಾಗಿ ಉಂಟಾಗುವ ತಗ್ಗುಗಳು ಇಂತಹ ಶೇಖರಣೆಗೆ ಅನುಕೂಲಕರವಾಗಿವೆ. ಹಿಮಾಲಯ ಮತ್ತು ನಾಗಾ ಬೆಟ್ಟಗಳ ಮುಂದಿರುವ ಮೇಲಿನ ಅಸ್ಸಾಂ ಪ್ರದೇಶವು ಇದಕ್ಕೆ ಉದಾಹರಣೆ. ಅಲ್ಲಿನ ದಿಗ್ಬೋಯಿಯಲ್ಲಿ 1889ರಲ್ಲಿ ತೈಲ ದೊರೆಯಿತು; 1901ರಲ್ಲಿ ಶುದ್ಧೀಕರಣಾಗಾರ ಆರಂಭವಾಯಿತು.

ಕರಾವಳಿಯ ಮುರಕಲ್ಲಿನ ಹೊದಿಕೆಯ ಕೆಳಗಿರುವುದಾದರೋ ಅತಿ ಪುರಾತನವಾದ, ಗಟ್ಟಿಯಾದ ಗ್ರಾನೈಟ್ ನೈಸ್ ಶಿಲೆ. ತೈಲವನ್ನು ಸೃಷ್ಟಿಸಲಾರದ ಈ ಶಿಲೆಯು ತನ್ನ ದೃಢತೆಯಿಂದಾಗಿ ತೈಲವನ್ನು ಕಾಪಿಡಲು ಯೋಗ್ಯವಾಗಿದೆ.

ಕಾರ್ಯವಿಧಾನ

ಸಂಗ್ರಹಾಗಾರದಲ್ಲಿ ನಾಲ್ಕು ವಿಭಾಗಗಳಿವೆ. ಗುಹೆಗಳ ಒಳಗೋಡೆಗೆ ಉಕ್ಕಿನ ಹೊದಿಕೆ ಇಲ್ಲ. ತೈಲವನ್ನು ತಡೆಹಿಡಿಯುವುದು ಅಂತರ್ಜಲ. ಬಂಡೆಯ ಸೂಕ್ಷ್ಮ ಬಿರುಕುಗಳಲ್ಲಿರುವ ನೀರಿನ ಒತ್ತಡವು ಗುಹೆಯೊಳಗಿನ ಒತ್ತಡಕ್ಕಿಂತ ಅಧಿಕವಾಗಿರುವುದರಿಂದ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ತೈಲ ಹೊರಕ್ಕೆ ಹರಿಯದು. ಈ ಒತ್ತಡವನ್ನು ಕಾಯ್ದುಕೊಳ್ಳಲು ಗುಹೆಗಳ ಮೇಲ್ಭಾಗದ ಸುರಂಗಗಳಿಂದ ರಂಧ್ರಗಳನ್ನು ಕೊರೆದು ನೀರು ತುಂಬಲಾಗುತ್ತದೆ. ಇದಕ್ಕೆ ‘ನೀರಿನ ಪರದೆ’ ಎಂದು ಹೆಸರು. ತೈಲವು ನೀರಿಗಿಂತ ಹಗುರವಾದ್ದರಿಂದ ಮೇಲೆ ತೇಲುತ್ತದೆ. ತಳದಲ್ಲಿ ಸೇರುವ ನೀರನ್ನು ಪಂಪುಗಳಿಂದ ಹೊರತೆಗೆಯಲಾಗುತ್ತದೆ. ಅಂತರ್ಜಲದ ಮಟ್ಟ ಕುಸಿದರೆ ಈ ತಡೆಯೇ ದುರ್ಬಲವಾಗುವುದರಿಂದ ಅದರ ನಿರಂತರ ನಿಗಾ ಅತ್ಯಗತ್ಯ.

ಮಹತ್ವ

ಭಾರತವು ತನಗೆ ಬೇಕಾದ ಕಚ್ಚಾತೈಲದ ಶೇ. 80ಕ್ಕಿಂತ ಹೆಚ್ಚಿನ ಭಾಗವನ್ನು ಆಮದು ಮಾಡಿಕೊಳ್ಳುತ್ತದೆ. ಪಾದೂರು, ಮಂಗಳೂರು (15 ಲಕ್ಷ ಟನ್) ಮತ್ತು ವಿಶಾಖಪಟ್ಟಣ (13.3 ಲಕ್ಷ ಟನ್) ಸಂಗ್ರಹಾಗಾರಗಳ ಒಟ್ಟು ಸಾಮರ್ಥ್ಯ 53.3 ಲಕ್ಷ ಟನ್. ಸರ್ಕಾರದ ಅಂದಾಜಿನಂತೆ, ಇವು ಪೂರ್ತಿ ತುಂಬಿದ್ದರೂ ದೇಶಕ್ಕೆ ಸುಮಾರು ಒಂಬತ್ತೂವರೆ ದಿನಗಳಿಗಷ್ಟೇ ಸಾಕು. 2020ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಜಾಗತಿಕ ಬೆಲೆ ಕುಸಿದಾಗ ಈ ಸಂಗ್ರಹಾಗಾರಗಳನ್ನು ತುಂಬಿಸಿ ಸುಮಾರು 5,000 ಕೋಟಿ ರೂಪಾಯಿ ಉಳಿಸಲಾಯಿತೆಂದು ಸರ್ಕಾರ ತಿಳಿಸಿದೆ.

ವಿಸ್ತರಣೆ

2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ ಟನ್ ಹಾಗೂ ಪಾದೂರಿನಲ್ಲಿ ಮತ್ತೆ 25 ಲಕ್ಷ ಟನ್ ಸಾಮರ್ಥ್ಯದ ಘಟಕಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಸ್ಥಾಪಿಸಲು ಅನುಮೋದನೆ ನೀಡಿತು. ಪಾದೂರಿನ ಎರಡನೇ ಹಂತದ ಭೂಸ್ವಾಧೀನಕ್ಕೆ ಸ್ಥಳೀಯರಿಂದ ವಿರೋಧವೂ ವ್ಯಕ್ತವಾಗಿದೆ.