ಮುಳುಗಡೆಯ ಮನೆ, ಮಿದುಳಿನ ಲೆಕ್ಕ

ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟಾಗ, ಅದರ ಹಿನ್ನೀರು ಘಟಪ್ರಭೆಯ ಪಾತ್ರವನ್ನು ಹಿಡಿದು ಮೇಲೇರಿ ಬಾಗಲಕೋಟೆಯ ಓಣಿಗಳನ್ನೇ ಹೊಕ್ಕೀತೆಂಬುದು ಆ ಓಣಿಗಳ ಜನರಿಗೆ ಬಹು ದೂರದ ಸಂಗತಿಯಾಗಿ ತೋರಿದ್ದಿರಬೇಕು. ದೂರದ್ದು ಹತ್ತಿರ ಬಂದಿತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಯೋಜನೆಯಂತೆ ಕೆಲವೇ ಮೈಲಿಗಳಾಚೆ ನವನಗರವು ಸೆಕ್ಟರುಗಳಾಗಿ ಎದ್ದುನಿಂತು, ಅಗಲವಾದ ರಸ್ತೆಗಳೂ, ಮುಳುಗಡೆಯಾದವರಿಗೆಂದು ಗುರುತಿಸಿದ ನಿವೇಶನಗಳೂ, 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ಮೇಲೆ ಜಿಲ್ಲೆಯ ಕಚೇರಿಗಳೂ ಅಲ್ಲಿ ನೆಲೆಗೊಂಡುವು. ಆದರೂ ಹಳೆಯ ಊರನ್ನು ಬಿಟ್ಟೇಳುವುದಕ್ಕೆ ಅನೇಕರ ಮನಸ್ಸು ಒಪ್ಪಲಿಲ್ಲ. ಅಲ್ಲಿಯ ಪೇಟೆ ಇಂದಿಗೂ ನಡೆದೇ ಇದೆ. ಇಂಥ ಒಲ್ಲದ ಮನಸ್ಸನ್ನು ಹಠವೆಂದೂ ಅಜ್ಞಾನವೆಂದೂ ಕರೆದು ಮುಂದೆ ಸಾಗುವುದು ಹೊರಗಿನವರಿಗೆ ಸುಲಭ. ನರವಿಜ್ಞಾನವು ಕಳೆದ ಕೆಲವು ದಶಕಗಳಲ್ಲಿ ಕಂಡುಕೊಂಡಿರುವುದನ್ನು ನೋಡಿದರೆ, ಹಾಗೆ ಕರೆಯುವ ಅಧಿಕಾರ ಯಾರಿಗೂ ಇಲ್ಲವೆಂದೇ ನನಗೆ ತೋರುತ್ತದೆ.

ಮುಳುಗಡೆಯ ಮನೆಯನ್ನು ಅಳೆಯಲು ಬಂದ ಅಧಿಕಾರಿಯು ಟೇಪು ಹಿಡಿದು ಗೋಡೆಯ ಉದ್ದಗಲಗಳನ್ನೂ, ಮಾಳಿಗೆಯ ಜಂತಿಗಳನ್ನೂ, ಬಾಗಿಲ ಚೌಕಟ್ಟಿನ ಸಾಗುವಾನಿಯನ್ನೂ ಬರೆದುಕೊಂಡು, ದರಪಟ್ಟಿಯಂತೆ ಬೆಲೆ ಕಟ್ಟಿ, ಕಟ್ಟಡ ಹಳೆಯದಾದಷ್ಟೂ ಸವಕಳಿಯೆಂದು ಒಂದು ಭಾಗವನ್ನು ಕಳೆಯುತ್ತಾನೆ. ಆ ಮನೆಯ ಹಿರಿಯಳಿಗಾದರೋ ಹೊಸ್ತಿಲು ಸವೆದಷ್ಟೂ, ಬೆಳಕಿಂಡಿಯ ಬಿಸಿಲು ಪಡಸಾಲೆಯ ಯಾವ ಕಲ್ಲಿಗೆ ಬಂದಾಗ ಎಷ್ಟು ಹೊತ್ತಾಯಿತೆಂಬುದು ಕಣ್ಣಿಗೆ ರೂಢಿಯಾದಷ್ಟೂ ಅದರ ಬೆಲೆ ಏರುತ್ತಲೇ ಹೋಗುತ್ತದೆ. ಮನೆಯ ವಯಸ್ಸು ಅವನ ಕಾಗದದಲ್ಲಿ ಕಳೆಯುವ ಅಂಕಿ, ಅವಳ ಮನಸ್ಸಿನಲ್ಲಿ ಕೂಡುವ ಅಂಕಿ.

ಕೈಯಲ್ಲಿರುವ ವಸ್ತುವಿಗೆ ಮನುಷ್ಯನು ಹೆಚ್ಚು ಬೆಲೆ ಕಟ್ಟುವನೆಂಬುದನ್ನು ತೋರಿಸಲು ತಲೆಮಾರುಗಳ ಸಹವಾಸವೂ ಬೇಕಾಗಿಲ್ಲ. ಡೇನಿಯಲ್ ಕಾನಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಾಫಿಯ ಮಗ್ಗುಗಳನ್ನು ಕೆಲವರು ವಿದ್ಯಾರ್ಥಿಗಳಿಗೆ ಕೊಟ್ಟು ಎಷ್ಟಕ್ಕೆ ಮಾರುವಿರೆಂದೂ, ಮಗ್ಗು ಸಿಗದವರನ್ನು ಎಷ್ಟಕ್ಕೆ ಕೊಳ್ಳುವಿರೆಂದೂ ಕೇಳಿದಾಗ, ಕೊಳ್ಳುವವರು ಸುಮಾರು ಮೂರು ಡಾಲರೆಂದರು, ಮಾರುವವರು ಏಳಕ್ಕೆ ಕಡಿಮೆ ಒಲ್ಲೆವೆಂದರು. ಆ ಮಗ್ಗು ಅವರ ಕೈಸೇರಿ ಬಹಳ ಹೊತ್ತಾಗಿರಲಿಲ್ಲ. ಇದಕ್ಕೂ ಮೊದಲೇ, 1979ರಲ್ಲಿ, ಕಾನಮನ್ ಮತ್ತು ಏಮೋಸ್ ಟ್ವರ್ಸ್ಕಿ ಇದರ ಮೂಲಸೂತ್ರವನ್ನು ಪ್ರತಿಪಾದಿಸಿದ್ದರು: ಬಂದ ನೂರು ರೂಪಾಯಿ ಕೊಡುವ ಸಂತೋಷಕ್ಕಿಂತ ಹೋದ ನೂರು ರೂಪಾಯಿ ಕೊಡುವ ವ್ಯಥೆ ಮಿಗಿಲು. ಬಳಿಕ ನಡೆದ ಅನೇಕ ಅಳತೆಗಳಲ್ಲಿ ಇದು ಎರಡು ಪಟ್ಟಿನ ಆಸುಪಾಸಿನಲ್ಲಿ ಕಂಡುಬಂದಿತು.

ಮಿದುಳಿನಲ್ಲಿ ಇದರ ನೆಲೆ ಎಲ್ಲಿ? 2007ರಲ್ಲಿ ಸಬ್ರಿನಾ ಟಾಮ್ ಮತ್ತು ಸಂಗಡಿಗರು ಎಂ.ಆರ್.ಐ. ಯಂತ್ರದೊಳಗೆ ಮಲಗಿದ 16 ಜನರ ಮುಂದೆ ಸೋಲು ಗೆಲುವುಗಳ ಸಂಭವ ಸಮಸಮವಾಗಿದ್ದ ಪಣಗಳನ್ನು ಒಂದಾದ ಮೇಲೊಂದರಂತೆ ಇಟ್ಟು ನೋಡಿದರು. ಗೆಲ್ಲಬಹುದಾದ ಮೊತ್ತ ಹೆಚ್ಚಿದಂತೆ ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್ಮಿನಲ್ಲಿಯೂ ಹಣೆಯ ಹಿಂದಿನ ಪದರದ ಕೆಳಭಾಗದಲ್ಲಿಯೂ ಚಟುವಟಿಕೆ ಏರಿತು. ಕಳೆದುಕೊಳ್ಳಬಹುದಾದ ಮೊತ್ತ ಹೆಚ್ಚಿದಂತೆ ಅದೇ ಸ್ಥಾನಗಳಲ್ಲಿ ಚಟುವಟಿಕೆ ಇಳಿಯಿತು, ಮತ್ತು ಆ ಇಳಿತವು ಏರಿಕೆಗಿಂತ ಕಡಿದಾಗಿತ್ತು. 2010ರ ಇನ್ನೊಂದು ಅಧ್ಯಯನ ನನ್ನ ಮಟ್ಟಿಗೆ ಇದಕ್ಕಿಂತಲೂ ಮನಮುಟ್ಟುವಂಥದು. ಬಾದಾಮಿಯ ಬೀಜದಂತಿರುವ ಅಮಿಗ್ಡಲಾ ಎಂಬ ಅಂಗ, ಭಯವನ್ನು ಗುರುತಿಸುವುದರಲ್ಲಿ ಮುಖ್ಯವಾದುದು, ವಿರಳವಾದ ರೋಗದಿಂದ ಎರಡೂ ಪಾರ್ಶ್ವಗಳಲ್ಲಿ ನಷ್ಟವಾಗಿದ್ದ ಇಬ್ಬರು ಮಹಿಳೆಯರನ್ನು ಪರೀಕ್ಷಿಸಿದಾಗ, ಹಣದ ಹೆಚ್ಚುಕಡಿಮೆಯನ್ನು ಅವರು ಚೆನ್ನಾಗಿಯೇ ಅರಿತಿದ್ದರೂ ನಷ್ಟದ ಹಿಂಜರಿಕೆ ಅವರಲ್ಲಿ ಹೆಚ್ಚುಕಡಿಮೆ ಇಲ್ಲವಾಗಿತ್ತು. ಹೋಗುವುದಕ್ಕೆ ಅಂಜುವುದು ಆರೋಗ್ಯವಂತ ಮಿದುಳಿನ ಸಹಜ ವ್ಯಾಪಾರವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಭಾವವನ್ನು ತೆಗೆದುಹಾಕಿದರೆ ನಿರ್ಧಾರ ಶುದ್ಧವಾಗುವುದೆಂಬ ನಂಬಿಕೆಯೂ ನಿಲ್ಲುವುದಿಲ್ಲ. ಆಂಟೋನಿಯೋ ಡಮಾಸಿಯೋ ಎಂಬ ವೈದ್ಯರು ಎಲಿಯಟ್ ಎಂಬ ಹೆಸರಿನಿಂದ ವರ್ಣಿಸಿರುವ ರೋಗಿಗೆ, ಗಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ಹಣೆಯ ಹಿಂದಿನ ಭಾಗ ನಷ್ಟವಾದ ಮೇಲೆ, ಬುದ್ಧಿ ಸ್ಮೃತಿಗಳು ಕುಂದದೆ ಉಳಿದುವು, ಭಾವ ಮಾತ್ರ ಬತ್ತಿತು. ಅದರೊಂದಿಗೆ ಸಾಮಾನ್ಯವಾದ ಆಯ್ಕೆಗಳನ್ನು ಮಾಡುವ ಶಕ್ತಿಯೂ ಹೋಯಿತು.

ಹೋದುದರ ತೂಕ ಬಂದುದಕ್ಕಿಂತ ಹೆಚ್ಚೆಂಬುದನ್ನು ನಮ್ಮ ಕಾನೂನೂ ತನ್ನದೇ ದಾರಿಯಲ್ಲಿ ತಡವರಿಸುತ್ತ ಬಂದಿದೆ. 1894ರ ಭೂಸ್ವಾಧೀನ ಕಾಯಿದೆಯು ಮಾರುಕಟ್ಟೆಯ ಬೆಲೆಯ ಮೇಲೆ, ಸ್ವಾಧೀನವು ಬಲವಂತದ್ದೆಂಬ ಕಾರಣಕ್ಕಾಗಿಯೇ, ಶೇಕಡಾ 15ರಷ್ಟನ್ನು ಕೂಡಿಸಿ ಕೊಡಿಸಿತು; ವಕೀಲರು ಸೊಲೇಷಿಯಂ ಎಂದು ಕರೆಯುವ ಈ ಮೊತ್ತ 1984ರ ತಿದ್ದುಪಡಿಯಲ್ಲಿ 30ಕ್ಕೂ, 2013ರ ಹೊಸ ಕಾಯಿದೆಯಲ್ಲಿ 100ಕ್ಕೂ ಏರಿತು. ಎಂದರೆ ಸೊಲೇಷಿಯಂ ಕೂಡಿದಾಗ ಪರಿಹಾರವು ಮೂಲಬೆಲೆಯ ಎರಡು ಪಟ್ಟಾಯಿತು. ಶಾಸನಕರ್ತರು ಪ್ರಯೋಗಶಾಲೆಯನ್ನು ಕೇಳಿ ಹೀಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಆದರೂ ಎರಡೂ ಒಂದೇ ಅಂಕಿಯ ಬಳಿಗೆ ಬಂದು ನಿಂತಿರುವುದು ಯೋಚಿಸತಕ್ಕ ವಿಷಯ. ಬಾಗಲಕೋಟೆಯ ಮೊದಲ ಮುಳುಗಡೆಯವರು ಮನೆ ಬಿಟ್ಟದ್ದು ಹಳೆಯ ಕಾಯಿದೆಯ ಕಾಲದಲ್ಲಿ.

ಎರಡನೆಯ ಮುಳುಗಡೆಯವರ ಕಷ್ಟ ಬೇರೆ. ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಜಲಾಶಯದ ಮಟ್ಟವನ್ನು 519.6 ಮೀಟರಿಗೆ ನಿಲ್ಲಿಸಿತು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಯು 2010ರಲ್ಲಿ 524.256 ಮೀಟರಿಗೆ ಅನುಮತಿ ಕೊಟ್ಟಿತು. ಈ ಎರಡು ಅಂಕಿಗಳ ನಡುವಣ ಮನೆಗಳವರು ಬಹು ಕಾಲದಿಂದ ಕಾಯುತ್ತ ಬಂದಿದ್ದಾರೆ. ನಷ್ಟವಾದರೂ ಗೊತ್ತಾದ ನಷ್ಟವಲ್ಲ. ಎಂದು, ಎಷ್ಟು ಎಂಬುದು ತಿಳಿಯದ ನಷ್ಟ. ಆಗುಹೋಗುಗಳ ಸಂಭವವೇ ತಿಳಿಯದಿರುವಾಗ ಅಮಿಗ್ಡಲಾ ಹೆಚ್ಚು ಎಚ್ಚರಗೊಳ್ಳುವುದೆಂದೂ, ಫಲದ ನಿರೀಕ್ಷೆಗೆ ಸ್ಪಂದಿಸುವ ಸ್ಟ್ರಯೇಟಮ್ ಕುಗ್ಗುವುದೆಂದೂ 2005ರಲ್ಲಿ ಮಿಂಗ್ ಶು ಮೊದಲಾದವರು ತೋರಿಸಿದ್ದಾರೆ; ತೀರ್ಮಾನ ಕಠಿಣವಾದಷ್ಟೂ ಮನುಷ್ಯನು ಇದ್ದಂತೆಯೇ ಇರುವುದನ್ನು ಆರಿಸುವನೆಂದು ಲಂಡನ್ನಿನ ಸಂಶೋಧಕರು 2010ರಲ್ಲಿ ಕಂಡರು. ಇಂಥವರಿಗೆ ಮೊದಲು ಸಲ್ಲಬೇಕಾದದ್ದು ಖಚಿತವಾದ ಒಂದು ತಾರೀಖು ಎಂದು ನಾನು ದೃಢವಾಗಿ ನಂಬಿದ್ದೇನೆ. ಅದು ಬರಹದಲ್ಲಿ ಕೈಗೆ ಬಂದರೆ, ಸೋರುವ ಮಾಳಿಗೆಗೆ ಈ ಮಳೆಗಾಲದೊಳಗೆ ಮಣ್ಣು ಹಾಕಿಸಬೇಕೋ ಬೇಡವೋ, ಮಗನ ಅಂಗಡಿಯನ್ನು ಹಳೆಯ ಪೇಟೆಯಲ್ಲಿ ತೆರೆಯಬೇಕೋ ನವನಗರದಲ್ಲಿ ತೆರೆಯಬೇಕೋ ಎಂಬುದನ್ನಾದರೂ ಅವರು ನಿಶ್ಚಯಿಸಿಕೊಂಡಾರು.