ಸಾಗವಾನಿಯ ಕುಲವಿಚಾರ

ದಾಂಡೇಲಿಯ ಸಮೀಪದ ಮೌಳಂಗಿಯ ಸುತ್ತಣ ಅರಣ್ಯದಲ್ಲಿ ಗಗನಚುಂಬಿಯಾಗಿ ಬೆಳೆಯುವ ಸಾಗವಾನಿಯೂ, ಅಂಗಳದ ವೃಂದಾವನದಲ್ಲಿ ನಿತ್ಯಪೂಜೆಗೊಳ್ಳುವ ತುಳಸಿಯೂ ಒಂದೇ ಕುಟುಂಬದ ಸಸ್ಯಗಳೆಂದರೆ ಯಾರಿಗಾದರೂ ವಿಸ್ಮಯವಾದೀತು. ಬೆಂಥಮ್ ಮತ್ತು ಹುಕರ್ ಎಂಬ ಆಂಗ್ಲ ವಿದ್ವಾಂಸರು 1862ರಿಂದ 1883ರವರೆಗೆ ಪ್ರಕಟಿಸಿದ ಮಹಾಗ್ರಂಥದಲ್ಲಿಯೂ ಸಾಗವಾನಿಯು ತುಳಸಿಯೊಡನಿರದೆ, ಬೇಲಿಬೇಲಿಗೂ ಹಬ್ಬುವ ಲಂಟಾನದೊಡನೆ ವರ್ಬಿನೇಸಿ ಕುಟುಂಬದಲ್ಲಿತ್ತು. ಹೂವಿನ ಶಲಾಕೆಯು, ಎಂದರೆ ಅಂಡಾಶಯದಿಂದ ಮೇಲೇಳುವ ಕಿರುದಂಡವು, ಅದರ ತುದಿಯಿಂದ ಹೊರಡುವುದೋ ಬುಡದಿಂದ ಹೊರಡುವುದೋ ಎಂಬುದೇ ಈ ಎರಡು ಕುಟುಂಬಗಳನ್ನು ಬೇರ್ಪಡಿಸುವ ಅಂದಿನ ಮುಖ್ಯ ಲಕ್ಷಣವಾಗಿದ್ದಿತು.

1934ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಯುನೆಲ್ ಅಂಡಾಶಯದ ಒಳರಚನೆಯನ್ನೇ ಸೂಕ್ಷ್ಮವಾಗಿ ಪರಿಶೀಲಿಸಿ, ಲಂಟಾನದ ಬಳಗದಲ್ಲಿ ಅಂಡಕಗಳು ಅಂಡಪತ್ರದ ಒಳಮಡಿಚಿದ ಅಂಚಿಗೇ ಅಂಟಿರುವುದನ್ನೂ, ತುಳಸಿ, ಸಾಗವಾನಿಗಳ ಬಳಗದಲ್ಲಿ ಅಂಚಿನಿಂದ ತುಸು ಪಕ್ಕಕ್ಕೆ ಕುಳಿತಿರುವುದನ್ನೂ ಕಂಡರು. ಇಷ್ಟು ಕಿರಿದಾದ ಭೇದವು ಇಷ್ಟು ಹಿರಿದಾದ ಬಾಂಧವ್ಯವನ್ನು ಸಾರುವುದೆಂಬುದು ನನಗೆ ಈ ಶಾಸ್ತ್ರದ ಅತ್ಯಂತ ಸುಂದರವಾದ ಸಂಗತಿ. ಆದರೂ ಸಾಗವಾನಿಯನ್ನು ತುಳಸಿಯ ಕುಟುಂಬಕ್ಕೆ ಸೇರಿಸುವ ಮತವು ಬಲಗೊಳ್ಳಲು 1992ರ ಕ್ಯಾಂಟಿನೋ ಮತ್ತು ಸಹೋದ್ಯೋಗಿಗಳ ವರ್ಗೀಕರಣದವರೆಗೆ ಕಾಯಬೇಕಾಯಿತು.

ಪರಾಗದ ಮತ್ತು ರಸಾಯನದ ಸಾಕ್ಷ್ಯವು ಕುಟುಂಬದ ಒಳಶಾಖೆಗಳಲ್ಲಿ ಇನ್ನೂ ಸ್ಪಷ್ಟವಾಗಿದೆ. ಪರಾಗತಜ್ಞ ಎರ್ಟ್‌ಮನ್ 1945ರಲ್ಲಿ ಪರಾಗದ ಮೇಲಣ ಗೆರೆಗಳನ್ನೆಣಿಸಿ, ಆರು ಗೆರೆಯವು, ಮೂರು ಗೆರೆಯವು ಎಂದು ಈ ಕುಟುಂಬವನ್ನು ಇಬ್ಭಾಗಿಸಿದ್ದರು. ತುಳಸಿ, ಪುದೀನಗಳನ್ನೊಳಗೊಂಡ ಆರು ಗೆರೆಯ ಶಾಖೆಯಲ್ಲಿ ರೋಸ್ಮರಿನಿಕ್ ಆಮ್ಲವು ವಿಶೇಷವಾಗಿ ದೊರೆಯುತ್ತದೆ. ಇರಿಡಾಯ್ಡ್ ಎಂಬ ಕಹಿದ್ರವ್ಯಗಳು ಅಲ್ಲಿ ಅತಿ ವಿರಳ, ಇತರ ಶಾಖೆಗಳಲ್ಲಿ ಹೇರಳ. ಪರಾಗವೂ ರಸವೂ ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷಿಗಳಾಗಿಯೂ ಒಂದೇ ಮಾತನ್ನು ನುಡಿಯುತ್ತಿರುವುದರಿಂದಲೇ ಆ ವಿಭಾಗವು ವಿಶ್ವಾಸಾರ್ಹವಾಯಿತು. ಈಚೆಗೆ ಡಿಎನ್‌ಎ ಪರೀಕ್ಷೆಯೂ ಸಾಗವಾನಿಯ ಸ್ಥಾನವನ್ನು ತುಳಸಿಯ ಕುಟುಂಬದಲ್ಲಿಯೇ ಸ್ಥಿರಪಡಿಸಿ, ಅದಕ್ಕಾಗಿಯೇ ಒಂದು ಪ್ರತ್ಯೇಕ ಉಪಕುಟುಂಬವನ್ನು ಕಲ್ಪಿಸುವಂತೆ ಮಾಡಿದೆ.